ಊರಿನ ನೀರು ಹೊತ್ತು ಹಡಗು ಹತ್ತಿದ್ದು

ಈಗ ನಮ್ಮ ಕಡೆಯವರೂ ಹಡಗಿನಲ್ಲಿ ವಿಹಾರಕ್ಕೆ ಹೋಗುತ್ತಾರೆ. ಹೋಗುವ ಮೊದಲು ಯಾವ ಗುಳಿಗೆ ನುಂಗಬೇಕು, ಏನು ತಿನ್ನಬಾರದು, ಬಿಸಿಲಿಗೆ ಏನು ಹಚ್ಚಿಕೊಳ್ಳಬೇಕು ಎಂದು ನಾಲ್ಕು ಜನರನ್ನು ವಿಚಾರಿಸುತ್ತಾರೆ. ನನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ವಿಷಯದಲ್ಲಿ ಇಡೀ ರಾಣೇಬೆನ್ನೂರು ತಾಲೂಕಿನಲ್ಲಿ ನಮ್ಮ ಮನೆತನಕ್ಕಿರುವಷ್ಟು ಅನುಭವ ಯಾರಿಗೂ ಇರಲಾರದು. ಹಡಗಿನಲ್ಲಿ ಸುರಕ್ಷಿತವಾಗಿರಲು ಮನುಷ್ಯ ಏನೇನು ಮಾಡಬಹುದೋ ಅದೆಲ್ಲವನ್ನೂ ನಮ್ಮ ಅಪ್ಪ ಮಾಡಿದ್ದ.

ಅಪ್ಪ ರಾಣೇಬೆನ್ನೂರಿನ ಖಾಸಗಿ ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿದ್ದ. ದಿನವಿಡೀ ಊರಿನವರಿಗೆಲ್ಲ ಪುಡಿ ಕಟ್ಟಿಕೊಟ್ಟು, ಬಾಟಲಿಗೆ ಔಷಧ ತುಂಬಿಕೊಟ್ಟು, ಸಂಜೆ ಅವರ ಕಾಯಿಲೆಗಳ ಭಯವನ್ನಷ್ಟೇ ಮನೆಗೆ ತರುತ್ತಿದ್ದ. ನಮ್ಮ ಮನೆಯಲ್ಲಿ ಕೆಮ್ಮಿದರೆ ಕ್ಷಯ, ಕೆರೆದುಕೊಂಡರೆ ಕಜ್ಜಿ, ಸುಮ್ಮನೆ ಕೂತರೆ ರಕ್ತ ಕಡಿಮೆ. ನಾನು ಶಾಲೆ ಮುಗಿಸುವ ಹೊತ್ತಿಗೆ ನನಗೆ ಬಂದಿರಬಹುದೆಂದು ಅಪ್ಪ ಅನುಮಾನಿಸದೆ ಉಳಿದ ರೋಗವೆಂದರೆ ದನಗಳಿಗೆ ಬರುವ ಕಾಲುಬಾಯಿ ಬೇನೆ ಒಂದೇ. ಇಂಥ ಮನುಷ್ಯನನ್ನು ಕರೆದುಕೊಂಡು ನಾವು ಸಮುದ್ರಕ್ಕೆ ಹೋದೆವು.

ಅದು ಎಂಬತ್ತರ ದಶಕ. ಪಣಜಿಯಿಂದ ಮುಂಬೈಗೆ ಆಗಿನ್ನೂ ಹಡಗು ಓಡಾಡುತ್ತಿತ್ತು. ಬೆಳಿಗ್ಗೆ ಹತ್ತಿದರೆ ಮರುದಿನ ಬೆಳಿಗ್ಗೆ ಮುಂಬೈ. ನನಗೆ ಹಾವೇರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ನೌಕರಿ ಸಿಕ್ಕು ಒಂದು ವರ್ಷವಾಗಿತ್ತು. ರಜೆಯ ದಿನ ಅವ್ವ ಬುತ್ತಿ ಕಟ್ಟಿಕೊಂಡು ನಾನೊಬ್ಬಳೇ ಇದ್ದ ಬಾಡಿಗೆ ಖೋಲಿಗೆ ಬರುತ್ತಿದ್ದಳು. ಹಾಗೆ ಬಂದಾಗ ಒಂದು ಸಂಜೆ ಇಬ್ಬರೂ ಹೆಗ್ಗೇರಿ ಕೆರೆಯ ದಂಡೆಗೆ ಹೋಗಿ ಕೂತೆವು. ಆಚೆ ದಂಡೆಯಲ್ಲಿ ಯಾರೋ ಎಮ್ಮೆಗಳ ಮೈ ತೊಳೆಯುತ್ತಿದ್ದರು. ಅವ್ವ ಬಹಳ ಹೊತ್ತು ನೀರನ್ನೇ ನೋಡಿ, "ಎಷ್ಟ ದೊಡ್ಡ ಕೆರೀನ ನೋಡು. ಆ ದಂಡೀನ ಕಾಣವಲ್ತು" ಎಂದಳು.

ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅಲ್ಲಿ ಎಮ್ಮೆ ಕಾಣುತ್ತಿಲ್ಲವೇ ಎಂದು ಕೈ ಮಾಡಿ ತೋರಿಸಿದೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು, ತಲೆ ಆ ಕಡೆ ಈ ಕಡೆ ಹೊರಳಿಸಿ ನೋಡಿದಳು, ಆಮೇಲೆ ಯಾವ ಎಮ್ಮೆ ಎಂದು ಕೇಳಿದಳು.

ಮನೆಮಂದಿಯ ಉಗುರಿನ ಬಣ್ಣವನ್ನೂ ವಾರಕ್ಕೊಮ್ಮೆ ಪರೀಕ್ಷಿಸುತ್ತಿದ್ದ ಅಪ್ಪನಿಗೆ, ತನ್ನ ಹೆಂಡತಿಗೆ ಕಣ್ಣು ಕಾಣುತ್ತಿಲ್ಲ ಎಂಬುದು ಮಾತ್ರ ಗೊತ್ತಾಗಿರಲಿಲ್ಲ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಬಳಿ ಹೋದೆವು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರ ಒಣಗುವ ರೋಗ, ಹೋದದ್ದು ತಿರುಗಿ ಬರುವುದಿಲ್ಲ, ಔಷಧ ಬಿಡುತ್ತ ಇದ್ದರೆ ಉಳಿದದ್ದು ಇನ್ನಷ್ಟು ದಿನ ಉಳಿದೀತು ಎಂದು ಅವರು ಹೇಳಿದರು. ಬಸ್ಸಿನಲ್ಲಿ ತಿರುಗಿ ಬರುವಾಗ ಅಪ್ಪ ಒಂದೇ ಸಮನೆ ಮಾತಾಡಿದ. ಕಣ್ಣಿಗೆ ಬಿಡುವ ಔಷಧದ ಬಾಟಲಿಯನ್ನು ಅಲುಗಾಡಿಸಬೇಕೋ ಬೇಡವೋ, ಅದನ್ನು ನೆರಳಲ್ಲಿ ಇಡಬೇಕೋ ತಂಪಿನಲ್ಲಿ ಇಡಬೇಕೋ ಎಂಬುದರ ಬಗ್ಗೆ. ಅವ್ವ ಮೋಟೆಬೆನ್ನೂರು ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಕಣ್ಣ ಹೋಗೂದಾದ್ರ ಹೋಗವಲ್ದ್ಯಾಕ. ಅದಕ್ಕಿಂತ ಮದ್ಲ ಒಮ್ಮೆ ಸಮುದ್ರ ನೋಡಬೇಕ ನಾ" ಎಂದಳು.

ಅವ್ವ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ನೌಕರಿಯಲ್ಲಿ ತಂದೆತಾಯಿಯನ್ನು ಪ್ರವಾಸಕ್ಕೆ ಕರೆದೊಯ್ಯುವ ಸವಲತ್ತು ಇತ್ತು. ದಂಡೆಯಲ್ಲಿ ನಿಂತು ನೋಡುವುದೇನು, ನಡುಸಮುದ್ರವನ್ನೇ ತೋರಿಸೋಣ ಎಂದು ನಾನು ಹಡಗಿನ ವಿಚಾರ ತೆಗೆದೆ. ಅಪ್ಪ ಬೇಡವೆನ್ನುತ್ತಾನೆ ಎಂದು ಜಗಳಕ್ಕೆ ಸಿದ್ಧಳಾಗಿ ಕೂತಿದ್ದೆ. ಅವನು ಬೇಡವೆನ್ನಲಿಲ್ಲ. ಜೋಪಾನದ ಸಂಗತಿಯೆಲ್ಲ ತನಗೆ ಬಿಡಬೇಕು ಎಂದಷ್ಟೇ ಹೇಳಿದ. ಅದಕ್ಕಿಂತ ಬೇಡವೆಂದಿದ್ದರೇ ಹಗುರಾಗುತ್ತಿತ್ತು.

ಮೊದಲನೆಯದು ನೀರು. ನೀರು ಬದಲಾದರೆ ಹೊಟ್ಟೆ ಕೆಡುತ್ತದೆ ಎಂಬುದು ಅಪ್ಪನ ವೈದ್ಯಶಾಸ್ತ್ರದ ಬುನಾದಿ. ರಾಣೇಬೆನ್ನೂರಿನ ನಳದ ನೀರಿಗೆ ಅವನು ದಿನಾ ಬೆಳಿಗ್ಗೆ ಬಯ್ಯುತ್ತಿದ್ದ. ಅದರಲ್ಲಿ ಇಲ್ಲದ ಹುಳ ಇಲ್ಲ ಎನ್ನುತ್ತಿದ್ದ. ಪ್ರವಾಸ ನಿಶ್ಚಯವಾದದ್ದೇ ತಡ, ಅದೇ ನೀರು ಗಂಗೆಯಾಯಿತು. ಎರಡು ದೊಡ್ಡ ಕ್ಯಾನು ಬಂದವು. ಆ ನೀರನ್ನು ದಾರಿಯಲ್ಲಿ ಕಾಯಿಸಿಕೊಳ್ಳಲು ಒಂದು ಬತ್ತಿ ಸ್ಟೋವ್ ಬೇಕೆಂದ. ಹಡಗಿನಲ್ಲಿ ಸ್ಟೋವ್ ಹಚ್ಚಲು ಬಿಡುವುದಿಲ್ಲ ಎಂದು ನಾನು ಹೇಳಿದ್ದಕ್ಕೆ, ಹೊಟ್ಟೆಯೊಳಗಿನ ಹುಳಗಳು ಹಡಗಿನವರ ಕಾನೂನು ಕೇಳುವುದಿಲ್ಲ ಎಂದು ಉತ್ತರ ಬಂತು. ಸ್ಟೋವು ಟ್ರಂಕಿನಲ್ಲಿ ಅವ್ವನ ಸೀರೆಗಳ ಕೆಳಗೆ ಅಡಗಿ ಕೂತಿತು.

ಎರಡನೆಯದು ಮುಳುಗದಿರುವುದು. ಹಡಗಿನವರು ಕೊಡುವ ತೇಲುವ ಅಂಗಿಯ ಮೇಲೆ ಅಪ್ಪನಿಗೆ ವಿಶ್ವಾಸವಿರಲಿಲ್ಲ. ಯಾರ್ಯಾರ ಚರ್ಮರೋಗ ಅದಕ್ಕೆ ಹತ್ತಿದೆಯೋ ಯಾರಿಗೆ ಗೊತ್ತು. ಹಾಗಾಗಿ ಒಂದು ಲಾರಿಯ ಟ್ಯೂಬು ಸಂಪಾದಿಸಿದ. ಅದರ ಪರೀಕ್ಷೆಗೆಂದು ನಮ್ಮನ್ನು ಬಸ್ಸಿನಲ್ಲಿ ಮೇಡ್ಲೇರಿಗೆ ಕರೆದೊಯ್ದ. ತುಂಗಭದ್ರೆಯಲ್ಲಿ ಆಗ ಮೊಣಕಾಲುದ್ದ ನೀರು. ಅವ್ವ ಸೀರೆ ಸುತ್ತಿಕೊಂಡು ಟ್ಯೂಬಿನೊಳಗೆ ಕೂತಳು. ಟ್ಯೂಬು ಮರಳಿನ ಮೇಲೆ ಕೂತಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನು ಬಿಟ್ಟು ನಿಂತರು. ಅಪ್ಪ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, ಮುಳುಗಲಿಲ್ಲ, ಪಾಸಾಯಿತು ಎಂದ. ಅವ್ವ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ದೇವರ ಕಡೆಯ ಬಂದೋಬಸ್ತನ್ನು ದೊಡ್ಡವ್ವ ವಹಿಸಿಕೊಂಡಳು. ದೊಡ್ಡವ್ವ ಎಂದರೆ ಅವ್ವನ ಅಕ್ಕ, ಬ್ಯಾಡಗಿಯವಳು. ತಂಗಿಯ ಕಣ್ಣಿನ ಸುದ್ದಿ ಕೇಳಿ ತಾನೂ ಬರುತ್ತೇನೆಂದು ಹೊರಟಿದ್ದಳು. ಸಮುದ್ರದ ವಿಷಯದಲ್ಲಿ ಖುದ್ದು ಅನುಭವ ಇರುವ ದೇವರು ಆಂಜನೇಯ ಒಬ್ಬನೇ ಎಂದು ವಾದಿಸಿ, ಕದರಮಂಡಲಗಿಯ ಅವನ ಗುಡಿಗೆ ಹೋಗಿ ಎಲ್ಲರಿಗೂ ದಾರ ಕಟ್ಟಿಸಿಕೊಂಡು ಬಂದಳು. ಮುಂಬೈಯಲ್ಲಿ ನಾವು ಇಳಿದುಕೊಳ್ಳಬೇಕಿದ್ದ ನೆಂಟರಿಗೆ ಕೊಡಲು ಒಂದು ಚೀಲ ಮೆಣಸಿನಕಾಯಿಯನ್ನೂ ತಂದಳು. ಬ್ಯಾಡಗಿಯವರು ಎಲ್ಲಿಗೆ ಹೋದರೂ ಅದನ್ನು ಒಯ್ಯುತ್ತಾರೆ.

ಇಲ್ಲಿ ಬ್ಯಾಡಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಹೊರಗಿನವರು ಬ್ಯಾಡಗಿಯಲ್ಲಿ ಬಸ್ಸಿನಿಂದ ಇಳಿಯುತ್ತಲೇ ಸೀನಲು ಶುರುಮಾಡಿದರೆ ತಿರುಗಿ ಬಸ್ಸು ಹತ್ತುವವರೆಗೂ ಸೀನುತ್ತಾರೆ. ಅಲ್ಲೇ ಹುಟ್ಟಿದವರಿಗೆ ಏನೂ ಆಗುವುದಿಲ್ಲ. ದೊಡ್ಡವ್ವ ಮತ್ತು ಅವ್ವ ಇಬ್ಬರೂ ಚಿಕ್ಕಂದಿನಿಂದ ಕಾಯಿಯ ತೊಟ್ಟು ಬಿಡಿಸುತ್ತ ಬೆಳೆದವರು. ಅವರ ಮೂಗಿಗೆ ಘಾಟು ಎಂಬುದೇ ಗೊತ್ತಿಲ್ಲ. ಇದರಿಂದ ಊರಿಗೆ ಒಂದು ವಿಚಿತ್ರ ಅನ್ಯಾಯವಾಗಿದೆ. ಯಾರಿಗಾದರೂ ಕೆಟ್ಟ ಕಣ್ಣು ಬಿದ್ದು ನದರಾದರೆ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುತ್ತಾರಲ್ಲ, ಆಗ ಘಾಟು ಬಂದರೆ ನದರಿಲ್ಲ, ಬರದಿದ್ದರೆ ನದರು ಖಾತ್ರಿ. ದೊಡ್ಡವ್ವನಿಗೆ ಘಾಟು ಬಂದದ್ದೇ ಇಲ್ಲವಾದ್ದರಿಂದ, ಅವಳು ನಿವಾಳಿಸಿದವರಲ್ಲಿ ನದರಾಗದ ಮನುಷ್ಯ ಅದುವರೆಗೆ ಒಬ್ಬನೂ ಸಿಕ್ಕಿರಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಹೊರಟೆವು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಪಣಜಿ. ಪಣಜಿಯ ಧಕ್ಕೆಯಲ್ಲಿ ಹಡಗು ನಿಂತಿತ್ತು, ಬೆಳ್ಳಗೆ, ನಮ್ಮ ಊರಿನ ಯಾವ ಕಟ್ಟಡಕ್ಕಿಂತಲೂ ದೊಡ್ಡದು. ಅವ್ವ ತಲೆ ಎತ್ತಿ ಅದನ್ನು ತುಂಡು ತುಂಡಾಗಿ ನೋಡಿದಳು. ಒಂದು ಸಲಕ್ಕೆ ಅವಳಿಗೆ ಅಷ್ಟೇ ಕಾಣುತ್ತಿದ್ದದ್ದು. ಅಪ್ಪ ಅಲ್ಲೇ ಸೈಕಲ್ ಪಂಪಿನಿಂದ ಟ್ಯೂಬಿಗೆ ಗಾಳಿ ಹೊಡೆದ. ಅದನ್ನು ಹೆಗಲಿಗೆ ಹಾಕಿಕೊಂಡು ನಾವು ಹಡಗು ಹತ್ತುವುದನ್ನು ಗೋವಾದವರು ಸಾಲಾಗಿ ನಿಂತು ನೋಡಿದರು. ದೊಡ್ಡವ್ವ ಅವರೆಲ್ಲರ ಕಣ್ಣುಗಳನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ನಮ್ಮ ಟಿಕೆಟ್ಟಿಗೆ ಕೆಳಗಿನ ಅಂತಸ್ತಿನಲ್ಲೂ ಕೂರಬಹುದಿತ್ತು, ಮೇಲಿನ ಬಯಲಿನಲ್ಲೂ ಕೂರಬಹುದಿತ್ತು. ಬುದ್ಧಿಯಿದ್ದವರೆಲ್ಲ ಮೇಲಕ್ಕೆ ಓಡಿ ಕಟಕಟೆಯ ಪಕ್ಕ ಚಾಪೆ ಹಾಸಿದರು. ಅಪ್ಪ ಕೆಳಗೆ, ನಟ್ಟನಡುವೆ, ಮೆಟ್ಟಿಲಿಗೆ ಹತ್ತಿರ, ನಾಲ್ಕೂ ಕಡೆಯಿಂದ ನೀರಿಗೆ ದೂರವಾದ ಜಾಗ ಹುಡುಕಿದ. ಅಲೆಯ ನೀರು ಸಿಡಿಯದಂತೆ ಅಲ್ಲಿ ಬದಿಗಳಿಗೆ ತಾಡಪತ್ರಿ ಇಳಿಬಿಟ್ಟಿದ್ದರು. ಅಪ್ಪ ಅದು ಸಾಲದೆಂದು ಎರಡು ಕಂಬಗಳಿಗೆ ಚಾದರವನ್ನೂ ಕಟ್ಟಿದ. ಅವ್ವನ ಕಿವಿಗೆ ಹತ್ತಿ, ತಲೆಗೆ ಮಫ್ಲರು, ಕಣ್ಣಿಗೆ ಕಪ್ಪು ಕನ್ನಡಕ. ಕ್ಯಾಂಟೀನಿನಿಂದ ಮೀನು ಹುರಿಯುವ ವಾಸನೆ ಬಂದದ್ದಕ್ಕೆ ಮೂಗಿಗೆ ಕರ್ಪೂರದ ಕರವಸ್ತ್ರ. ಸಮುದ್ರ ನೋಡಲು ಬಂದವಳಿಗೆ ಹೊರಗಿನ ಗಾಳಿ ತಾಗಲು ಒಂದು ಕಿಂಡಿಯನ್ನೂ ಅವನು ಉಳಿಸಲಿಲ್ಲ.

ಆಮೇಲೆ ವಾಂತಿಯಾಗದ ಗುಳಿಗೆ ಹಂಚಿದ. ತಾನು ಮಾತ್ರ ತೆಗೆದುಕೊಳ್ಳಲಿಲ್ಲ. ಗುಳಿಗೆಯಿಂದ ನಿದ್ದೆ ಬರುತ್ತದೆ, ಎಲ್ಲರೂ ಮಲಗಿದರೆ ಕಾಯುವವರು ಯಾರು ಎಂಬುದು ಅವನ ವಾದ. ಕಾವಲಿಗೆಂದು ಟ್ಯೂಬಿನ ಮೇಲೆ ಕೂತ.

ಹಡಗು ನದಿಯ ಬಾಯಿ ದಾಟಿ ಸಮುದ್ರಕ್ಕೆ ಬಿದ್ದದ್ದು ನಮಗೆ ಗೊತ್ತಾದದ್ದು ಅಪ್ಪನ ಮುಖದಿಂದ. ಮೊದಲು ಅದು ಹಳದಿಯಾಯಿತು, ಆಮೇಲೆ ಬೂದಿಯಾಯಿತು. ಬೇರೆಯವರಿಗೆ ಆಗಬಹುದೆಂದು ತಂದಿದ್ದ ಬೇಸಿನ್ನನ್ನು ಅವನೇ ಉದ್ಘಾಟಿಸಿದ. ಸಮುದ್ರ ಅವತ್ತು ಶಾಂತವಾಗಿತ್ತೆಂದು ಹಡಗಿನ ಖಲಾಸಿಗಳು ಹೇಳುತ್ತಿದ್ದರು. ಇಡೀ ಹಡಗಿನಲ್ಲಿ ಆರೋಗ್ಯ ಕೆಟ್ಟದ್ದು ಆರೋಗ್ಯಾಧಿಕಾರಿಯದ್ದೊಂದೇ.

ಮಧ್ಯಾಹ್ನ ಕಳೆಯಿತು. ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅವ್ವ ಚಾದರದ ಕಡೆಗೆ ಮುಖ ಮಾಡಿ ಕೂತಿದ್ದಳು. ನೀರಿನ ಸಪ್ಪಳ ಕೇಳುತ್ತಿತ್ತು. ನಾನು ಒಮ್ಮೆ ಮೇಲೆ ಹೋಗಿ ಬಂದಾಗ, ಬಣ್ಣ ಹೇಗಿದೆ ಎಂದು ಕೇಳಿದಳು. ನೀಲಿ ಅಂದೆ. ಎಂಥ ನೀಲಿ ಎಂದು ಕೇಳಿದಳು. ಮೇಲೆ ಹೋಗೋಣ ಬಾ ಎಂದು ಅವಳ ಕೈ ಹಿಡಿದು ಎಬ್ಬಿಸಿದೆ. ಅಪ್ಪ ಮಲಗಿದ್ದಲ್ಲಿಂದಲೇ ಅವಳ ಇನ್ನೊಂದು ಕೈ ಹಿಡಿದುಕೊಂಡ.

"ಉಪ್ಪಿನ ಗಾಳಿ ಕಣ್ಣೀಗೆ ಆಗೂದಿಲ್ಲ," ಎಂದ. ಆಮೇಲೆ ದನಿ ಇಳಿಸಿ, "ನನ್ನ ಬಿಟ್ಟ ಹೋಗಬ್ಯಾಡ" ಎಂದ.

ಅವ್ವ ಕೂತುಬಿಟ್ಟಳು. ಅವನ ಬೆನ್ನು ಸವರತೊಡಗಿದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊತ್ತು ಇಳಿಯುತ್ತಿತ್ತು. ಬೆಳಕು ಸ್ವಲ್ಪ ಕಡಿಮೆಯಾದರೂ ಅವ್ವನಿಗೆ ಏನೂ ಕಾಣುತ್ತಿರಲಿಲ್ಲ. ಬೆಳಗಾದರೆ ಮುಂಬೈ ಬಂದರಿನ ಎಣ್ಣೆ ನೀರು. ತಿರುಗಿ ಬರುವುದು ರೈಲಿನಲ್ಲಿ. ಮುಂದಿನ ವರ್ಷಕ್ಕೆ ಅವಳ ಕಣ್ಣಲ್ಲಿ ಏನು ಉಳಿದಿರುತ್ತದೋ ಯಾರೂ ಹೇಳುವಂತಿರಲಿಲ್ಲ. ಸಮುದ್ರದ ನಡುವೆ ಕೂರಿಸಿಕೊಂಡು ಸಮುದ್ರ ತೋರಿಸದೆ ಕರೆದೊಯ್ಯುತ್ತಿದ್ದೆವು. ನಮ್ಮ ಪಕ್ಕದಲ್ಲಿ ಕೂತಿದ್ದ ಕೊಂಕಣಿ ಹೆಂಗಸಿನ ಬುಟ್ಟಿಯೊಳಗಿನ ಕೋಳಿಗಳು ಕೂಡ ನಮಗಿಂತ ಹೆಚ್ಚು ನೋಡಿದ್ದವು.

ದೊಡ್ಡವ್ವ ಆಗ ತೀರ್ಪು ಕೊಟ್ಟಳು. ಇದು ವಾಂತಿಯಲ್ಲ, ನದರು. ಧಕ್ಕೆಯ ಮೇಲೆ ಅಷ್ಟು ಜನ ಟ್ಯೂಬಿನ ಮೇಲೆ ಕಣ್ಣು ಹಾಕಿದ್ದಾರೆ, ತೆಗೆಯದಿದ್ದರೆ ಈ ಗಂಡಸು ಮುಂಬೈ ಮುಟ್ಟುವುದಿಲ್ಲ. ಇಂಥ ಮಾತಿಗೆ ಮನೆಯಲ್ಲಾದರೆ ಅಪ್ಪ ಒಂದು ತಾಸು ವಿಜ್ಞಾನ ಹೇಳುತ್ತಿದ್ದ. ಈಗ ಬೇಸಿನ್ನಿನಿಂದ ತಲೆ ಎತ್ತಿ, ಏನಾದರೂ ಮಾಡಿ ಎಂಬಂತೆ ಕಣ್ಣು ಮುಚ್ಚಿದ.

ದೊಡ್ಡವ್ವ ಟ್ರಂಕಿನಿಂದ ಸ್ಟೋವ್ ತೆಗೆದಳು. ನಾನು ತಡೆದೆ. ಮೆಣಸಿನಕಾಯಿ ಸುಟ್ಟರೆ ಇಷ್ಟು ಜನಕ್ಕೆ ತೊಂದರೆಯಾಗುತ್ತದೆ ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿ, "ನಮ್ಮ ಕಾಯಿಗೆ ಖಾರರೆ ಎಲ್ಲೈತಿ? ಬರೇ ಬಣ್ಣ" ಎಂದಳು. ಸಮುದ್ರದ ಮೇಲಿನ ನದರಿಗೆ ಎರಡು ಮೂರು ಕಾಯಿ ಎಲ್ಲಿ ಸಾಲುತ್ತದೆಂದು ಒಂದು ಹಿಡಿ ತೆಗೆದುಕೊಂಡು, ಉಪ್ಪು ಸಾಸಿವೆ ಸೇರಿಸಿ, ಅಪ್ಪನ ತಲೆಯಿಂದ ಕಾಲಿನವರೆಗೆ ನಿವಾಳಿಸಿದಳು. ಚಾದರದ ಮರೆಯಲ್ಲಿ ಸ್ಟೋವ್ ಹೊತ್ತಿತು. ಅದರ ಮೇಲಿಟ್ಟ ತಟ್ಟೆ ಕಾದೊಡನೆ ಹಿಡಿಯನ್ನು ಅದರೊಳಗೆ ಸುರಿದಳು.

ಮುಚ್ಚಿದ ಜಾಗ, ಇಳಿಬಿಟ್ಟ ತಾಡಪತ್ರಿ. ಮೊದಲು ಕೋಳಿಗಳು ಒದ್ದಾಡಿದವು. ಆಮೇಲೆ ಕೊಂಕಣಿ ಹೆಂಗಸು ಸೀನಿದಳು, ಅವಳ ಆಚೆಯವರು ಕೆಮ್ಮಿದರು, ಅವರ ಆಚೆಯವರು ಎದ್ದು ನಿಂತರು. ಸ್ವಲ್ಪ ಹೊತ್ತಿನಲ್ಲೇ ಕೆಳಗಿನ ಅಂತಸ್ತಿನಲ್ಲಿ ಕೆಮ್ಮದವರು ಇಬ್ಬರೇ ಇಬ್ಬರು. ಅಕ್ಕ ತಂಗಿ ಎದುರುಬದುರು ಕೂತು, ಮೂಗು ಅರಳಿಸಿ, ಬಂತೇ, ನಿನಗೆ ಬಂತೇ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ದೊಡ್ಡವ್ವ ಮತ್ತೊಂದು ಹಿಡಿ ಹಾಕಿದಳು. ಜನ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲ ಕಡೆ ನುಗ್ಗುತ್ತಿದ್ದರು, ಯಾರೋ ಬೆಂಕಿ ಬೆಂಕಿ ಎಂದು ಕೂಗುತ್ತಿದ್ದರು, ಹಡಗಿನ ಗಂಟೆ ಹೊಡೆದುಕೊಳ್ಳುತ್ತಿತ್ತು.

"ಒಂಚೂರೂ ಘಾಟ ಬರಲಿಲ್ಲ ನೋಡ," ಎಂದಳು ದೊಡ್ಡವ್ವ ತಂಗಿಗೆ. "ಭಾಳ ನದರಾಗಿತ್ತ."

ಬಿಳಿ ಬಟ್ಟೆಯ ಅಧಿಕಾರಿಯೊಬ್ಬ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದ. ಅವನ ಹಿಂದೆ ಬಕೆಟ್ ಹಿಡಿದ ಖಲಾಸಿಗಳು. ಸ್ಟೋವಿನ ಮೇಲೆ ಮರಳು ಸುರಿದರು, ತಟ್ಟೆಯ ಮೇಲೆ ನೀರು ಸುರಿದರು, ಹೊಗೆ ಇನ್ನೂ ಹೆಚ್ಚಾಯಿತು. ಇದು ಯಾರ ಸ್ಟೋವು ಎಂದು ಅವನು ಹಿಂದಿಯಲ್ಲಿ ಗದರಿಸಿದ. ಅಪ್ಪ ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಕೈ ಎತ್ತಿ, ಆರೋಗ್ಯದ ದೃಷ್ಟಿಯಿಂದ ತಂದದ್ದು ಎಂದ. ಅಧಿಕಾರಿ ಅವನನ್ನೂ ಟ್ಯೂಬನ್ನೂ ನೋಡಿದ. ಮುಂದೆ ಏನೂ ಕೇಳುವ ಶಕ್ತಿ ಅವನಿಗೆ ಉಳಿಯಲಿಲ್ಲವೆಂದು ಕಾಣುತ್ತದೆ. ಕೆಳಗೆ ಒಬ್ಬರೂ ಇರಕೂಡದು, ಎಲ್ಲರೂ ಮೇಲೆ ನಡೆಯಿರಿ ಎಂದು ಹುಕುಂ ಮಾಡಿದ. ಎರಡು ತಿಂಗಳು ಅಪ್ಪ ಕಟ್ಟಿದ್ದ ಕೋಟೆ ಹೀಗೆ ಖಾಲಿಯಾಯಿತು.

ಮೇಲೆ ಬಂದಾಗ ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ಗಾಳಿ ಬಡಿದದ್ದೇ ಅಪ್ಪನ ವಾಂತಿ ನಿಂತಿತು. ಅದರ ಕೀರ್ತಿಯನ್ನು ದೊಡ್ಡವ್ವ ಸಾಯುವವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ಉಳಿದ ಪ್ರಯಾಣಿಕರು ನಮ್ಮಿಂದ ದೂರ ಸರಿದು ನಿಂತದ್ದರಿಂದ ಕಟಕಟೆಯ ಪಕ್ಕ ನಮಗೆ ಬೇಕಾದಷ್ಟು ಜಾಗ ಸಿಕ್ಕಿತು. ಹಡಗಿನ ಬಲಕ್ಕೆ ಕೊಂಕಣದ ಗುಡ್ಡಗಳು ಕಾಣುತ್ತಿದ್ದವು. ಅಪ್ಪ ಅವ್ವನನ್ನು ಆ ಕಡೆಗೆ ಎಳೆದ. ನೆಲ ಕಾಣುವ ಕಡೆ ನಿಲ್ಲುವುದು ಸುರಕ್ಷಿತ. ಅವ್ವ ಕೈ ಬಿಡಿಸಿಕೊಂಡು ಎಡಕ್ಕೆ, ಏನೂ ಇಲ್ಲದ ಕಡೆಗೆ ನಡೆದಳು. ಕಿವಿಯ ಹತ್ತಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಫ್ಲರ್ ಬಿಚ್ಚಿದಳು. ಕಪ್ಪು ಕನ್ನಡಕ ತೆಗೆದಳು.

ಅಪ್ಪ ಓಡಿ ಬಂದು ಕನ್ನಡಕವನ್ನು ತಿರುಗಿ ಅವಳ ಕಣ್ಣಿಗೆ ಏರಿಸಲು ಹೋದ. ಅವ್ವ ಅವನ ಮಣಿಕಟ್ಟು ಹಿಡಿದಳು.

"ಇಷ್ಟ ಜೋಪಾನ ಮಾಡಿ," ಎಂದಳು, "ಏನ ನೋಡಾಕ ಇಟ್ಟೀರಿ ಈ ಕಣ್ಣ?"

ಅಪ್ಪ ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸಿದ, ಮತ್ತೆ ಒರೆಸಿದ, ಆಮೇಲೆ ಕಿಸೆಯಲ್ಲಿ ಇಟ್ಟುಕೊಂಡ. ಅವನ ಕಣ್ಣಲ್ಲಿ ಬರುತ್ತಿದ್ದ ನೀರು ಮೆಣಸಿನಕಾಯಿಯದ್ದಲ್ಲ ಎಂಬುದು ಆಗ ನನಗೆ ತಿಳಿಯಿತು. ಆ ಕಣ್ಣಿನ ಡಾಕ್ಟರು ಹೇಳಿದ್ದನ್ನು ಅವನು ಅವತ್ತೇ ಪೂರ್ತಿ ಕೇಳಿಸಿಕೊಂಡಿದ್ದ. ಅದರ ವಿರುದ್ಧ ಮಾಡಲು ಅವನಿಗೆ ಏನೂ ತೋಚಿರಲಿಲ್ಲ. ಅದಕ್ಕೇ ಕ್ಯಾನು, ಸ್ಟೋವು, ಟ್ಯೂಬು. ದಾರಿಯುದ್ದಕ್ಕೂ ಅವನ ಮೇಲೆ ಹಲ್ಲು ಕಡಿಯುತ್ತ ಬಂದ ನಾನು, ಅವ್ವನ ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟು ಸರಿದು ನಿಂತೆ.

ಅವ್ವ ಕಟಕಟೆ ಹಿಡಿದು ನಿಂತಿದ್ದಳು. ಎದುರಿಗೆ ನೀರು, ನೀರಿನ ಮೇಲೆ ಬಿಸಿಲು. ಕೆರೆಯ ದಂಡೆಯಲ್ಲಿ ಮಾಡಿದ ಹಾಗೆಯೇ ಕಣ್ಣು ಕಿರಿದು ಮಾಡಿ, ತಲೆ ಆ ಕಡೆ ಈ ಕಡೆ ಹೊರಳಿಸಿ ನೋಡಿದಳು. ಬಹಳ ಹೊತ್ತಾದ ಮೇಲೆ ನನ್ನನ್ನು ಹತ್ತಿರ ಕರೆದಳು. ಬೇರೆ ಯಾರಿಗೂ ಕೇಳಿಸಬಾರದೆಂಬಂತೆ ಸಣ್ಣ ದನಿಯಲ್ಲಿ, "ಖರೇ ಹೇಳ. ಆ ದಂಡಿ ನಿನಗ ಕಾಣತೈತೇನು?" ಎಂದಳು.

ಇಲ್ಲ ಅಂದೆ.

"ಮತ್ತ ಇವರಿಗೆಲ್ಲಾ?"

ಯಾರಿಗೂ ಕಾಣುವುದಿಲ್ಲ ಅಂದೆ. ಅವ್ವ ಅದನ್ನು ಅಷ್ಟಕ್ಕೇ ನಂಬಲಿಲ್ಲ. ಅಪ್ಪನ ಕಡೆ ತಿರುಗಿ ಅವನನ್ನೂ ಕೇಳಿದಳು. ಅಪ್ಪ ಹಣೆಗೆ ಕೈ ಅಡ್ಡ ಹಿಡಿದು, ಮೈಯೆಲ್ಲ ಕಣ್ಣಾಗಿ ನೋಡಿ, ತನಗೂ ಕಾಣುವುದಿಲ್ಲ ಎಂದ. ಅವ್ವನ ಮುಖ ಅರಳಿತು.

"ಹಂಗಾದ್ರ ಇಲ್ಲಿ ನಾನೂ ಎಲ್ಲಾರಂಗ," ಎಂದಳು.

ಹೊತ್ತು ಮುಳುಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಅಪ್ಪ ಅವಳ ಸೆರಗಿನ ತುದಿಯನ್ನು ತನ್ನ ಕೈಗೆ ಎರಡು ಸುತ್ತು ಸುತ್ತಿಕೊಂಡು ಪಕ್ಕದಲ್ಲಿ ನಿಂತಿದ್ದ. ಉಪ್ಪಿನ ಗಾಳಿ ಇಬ್ಬರ ಮುಖಕ್ಕೂ ಬಡಿಯುತ್ತಿತ್ತು. ಕಪ್ಪು ಕನ್ನಡಕ ಅವನ ಕಿಸೆಯಲ್ಲೇ ಇತ್ತು.